ಪ್ರವಾಸ ಕಡ್ಡಾಯ, ವಿನಾಯಿತಿ ಇಲ್ಲ

ಜನವರಿ 6, ಸೋಮವಾರ

ಅಂತೂ ಬಂತು ಗ್ರಹಚಾರ. ಸಂಜೆ ಕಾಲೇಜಿಗೆ ಹೋದರೆ ನೋಟಿಸ್ ಬೋರ್ಡಿನ ಮುಂದೆ ನಮ್ಮ ಕ್ಲಾಸಿನ ಮಕ್ಕಳೆಲ್ಲ ಗುಂಪುಕಟ್ಟಿಕೊಂಡು ಕುಣಿಯುತ್ತಿದ್ದಾರೆ. ಹಿಂದೆ ನಿಂತು ಕನ್ನಡಕ ಏರಿಸಿ ಓದಿದೆ. ಪ್ರವಾಸೋದ್ಯಮ ಪದವಿ, ಅಂತಿಮ ವರ್ಷ, ಅಧ್ಯಯನ ಪ್ರವಾಸ ಕಡ್ಡಾಯ, ಫೆಬ್ರವರಿ 20ರಿಂದ 22ರವರೆಗೆ, ಬಸ್ಸಿನಲ್ಲಿ. ಬಸ್ಸು ಅನ್ನುವ ಪದ ಓದುತ್ತಲೇ ಅಂಗೈ ಬೆವತುಹೋಯಿತು.

ಪ್ರವಾಸಕ್ಕೆ ಹೋಗುವವರ ಹತ್ತಿರ ದಿನಚರಿ ಪುಸ್ತಕ ಇರಲೇಬೇಕಂತೆ, ಅದೂ ನಿಯಮ. ಬರುವ ದಾರಿಯಲ್ಲಿ ಕೊಂಡುಕೊಂಡೆ. ಪ್ರವಾಸಕ್ಕಂತೂ ನಾನು ಹೋಗುವುದಿಲ್ಲ, ಪುಸ್ತಕವಾದರೂ ದಂಡವಾಗದಿರಲಿ ಅಂತ ಇದನ್ನೆಲ್ಲ ಗೀಚುತ್ತಿದ್ದೇನೆ.

ಮೂರು ವರ್ಷದ ಕೋರ್ಸು. ಬಹಳ ಅಂದರೆ ಆರು ವರ್ಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು, ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನನ್ನದು ಇದು ಆರನೆಯ ವರ್ಷ. ಹಗಲು ಟ್ರಾವೆಲ್ಸ್ ಕೌಂಟರಿನಲ್ಲಿ ಕೆಲಸ ಮಾಡಿ, ಸಂಜೆ ನನಗೆ ಮಕ್ಕಳಂತಿರುವವರ ಪಕ್ಕ ಕೂತು ಎಲ್ಲ ಪೇಪರೂ ಪಾಸು ಮಾಡಿದ್ದೇನೆ. ಆನೆ ದಾಟಿತು, ಬಾಲ ಸಿಕ್ಕಿಕೊಂಡಿತು. ಎರಡು ಸಲ ಪ್ರವಾಸಕ್ಕೆ ಹೊರಟೆ. ಎರಡು ಸಲವೂ ಬಸ್ಸು ಕಾಲೇಜಿನ ಗೇಟು ದಾಟುವ ಮೊದಲೇ ಇಳಿದು ಮನೆಗೆ ಓಡಿಬಂದೆ.

ನಮ್ಮ ಮನೆಯವರು ತೀರಿಕೊಂಡಿದ್ದು ಬಸ್ಸಿನಲ್ಲಿ. ನಮ್ಮ ಟ್ರಾವೆಲ್ಸಿನ ಡ್ರೈವರು ಇವರು. ಎಂಟು ವರ್ಷವಾಯಿತು, ಅಂದಿನಿಂದ ನಾನು ಬಸ್ಸಿನಲ್ಲಿ ಎಲ್ಲಿಗೂ ಹೋಗಿಲ್ಲ. ಎಲ್ಲಿಗೆ ಹೋದರೂ ಕಾಲ್ನಡಿಗೆ. ಇವರ ಜಾಗಕ್ಕೆ ಅಂತ ಟ್ರಾವೆಲ್ಸಿನ ಮಾಲೀಕರು ಕರೆದು ನನಗೆ ಕೌಂಟರಿನಲ್ಲಿ ಕುರ್ಚಿ ಕೊಟ್ಟರು. ಈಗ ಅವರು ಕಂಪನಿಯನ್ನೇ ಮಾರುತ್ತಿದ್ದಾರೆ. ಕೊಳ್ಳುವವರು ಹೇಳಿಬಿಟ್ಟಿದ್ದಾರೆ, ಜೂನ್‌ನಿಂದ ಕೌಂಟರಿನಲ್ಲಿ ಪದವಿ ಇದ್ದವರು ಮಾತ್ರ ಅಂತ. ಮಗಳು ಇನ್ನೂ ಹೈಸ್ಕೂಲು, ಅತ್ತೆಗೆ ಮಂಡಿ ನೋವು. ಆ ಕುರ್ಚಿ ಹೋದರೆ ಮೂವರೂ ಬೀದಿಗೆ ಬಿದ್ದಂತೆ.

ಜನವರಿ 9, ಗುರುವಾರ

ವಿಭಾಗದ ಮುಖ್ಯಸ್ಥರನ್ನು ಕಂಡೆ. ಮಕ್ಕಳು ಅವರಿಗಿಟ್ಟ ಹೆಸರು ಕಲಂ ಸರ್. ಗುಡ್ ಈವನಿಂಗ್ ಅಂದರೂ ಯಾವ ಕಲಂ ಪ್ರಕಾರ ಅಂತ ಕೇಳುವ ಮನುಷ್ಯ. ಮೇಜಿನ ಮೇಲೆ ನಿಯಮಾವಳಿ ಪುಸ್ತಕ, ಪಕ್ಕದಲ್ಲಿ ಹಲ್ಲುಕಡ್ಡಿ ಡಬ್ಬಿ. ಪ್ರವಾಸದ ಬದಲು ನೂರು ಪುಟದ ವರದಿ ಬರೆದುಕೊಡುತ್ತೇನೆ ಸರ್ ಅಂದೆ. ಇನ್ನೂರು ಪುಟ ಅಂದೆ. ಕೈ ಮುಗಿದೂ ಬಿಟ್ಟೆ, ಮಾನ ಬಿಟ್ಟು.

ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಪುಸ್ತಕ ತೆಗೆದು ಹದಿನಾಲ್ಕನೆಯ ಕಲಂ ಓದಿದರು. ಪ್ರವಾಸದ ಪೂರ್ಣ ಅವಧಿಗೆ ಹಾಜರಿರದ ವಿದ್ಯಾರ್ಥಿ ಪದವಿಗೆ ಅರ್ಹರಲ್ಲ. ಆಮೇಲೆ ಕನ್ನಡಕ ತೆಗೆದು ಹೇಳಿದರು. "ಕಂಬಳೀಲಿ ಊಟಕ್ಕೆ ಕೂತು ಕೂದಲು ಅಂದ್ರೆ ಹೇಗಮ್ಮಾ? ಪ್ರವಾಸೋದ್ಯಮ ಅಂತ ಗೊತ್ತಿದ್ದೇ ತಾನೇ ಸೇರಿದ್ದು?"

ಟ್ರಾವೆಲ್ಸಿನ ಮಾಲೀಕರು ಈ ಕೋರ್ಸೇ ಮಾಡು ಅಂದರು, ಸೇರಿದೆ. ಪ್ರವಾಸ ಅಂದರೆ ಪುಸ್ತಕದಲ್ಲಿ ಇರುತ್ತದೆ ಅಂದುಕೊಂಡಿದ್ದೆ, ಪೆದ್ದಿ. ವಿನಾಯಿತಿ ಬೇಕಿದ್ದರೆ ವಿಶ್ವವಿದ್ಯಾಲಯದ ಆಫೀಸಿಗೇ ಹೋಗಿ ಕೇಳಿ ಅಂತ ಕಲಂ ಸರ್ ಹೇಳಿ ಕಳಿಸಿದರು.

ಜನವರಿ 17, ಶುಕ್ರವಾರ

ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋದೆ. ಊರಿನ ಆ ತುದಿ, ನಡೆದೇ ಹೋದೆ. ಹೋಗುವಷ್ಟರಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತು ಪಿನ್ನು ಚುಚ್ಚಿಕೊಂಡೆ. ಒಂದನೇ ಕಿಟಕಿಯವರು ಆರನೆಯ ಕಿಟಕಿಗೆ ಹೋಗಿ ಅಂದರು. ಆರನೆಯ ಕಿಟಕಿಯವರು ಊಟಕ್ಕೆ ಹೋಗಿದ್ದರು. ಬಂದಮೇಲೆ ಆ ಗುಮಾಸ್ತೆ ಪಾಪ ಒಳ್ಳೆಯವಳೇ, ಕುಡಿಯಲು ನೀರು ಕೊಟ್ಟಳು. ವಿನಾಯಿತಿಗೆ ಮೂರೇ ಕಾರಣವಂತೆ. ಬಸುರಿಯಾಗಿರಬೇಕು, ಇಲ್ಲವೇ ಆಪರೇಷನ್ ಆಗಿರಬೇಕು, ಇಲ್ಲವೇ ಮನೆಯಲ್ಲಿ ಸಾವಾಗಿರಬೇಕು.

"ಸಾವಾಗಿದೆ" ಅಂದೆ.

"ಯಾರು?"

"ನಮ್ಮ ಯಜಮಾನ್ರು."

ಅವಳ ಪೆನ್ನು ನಿಂತಿತು. "ಯಾವಾಗ ಮೇಡಂ?"

ಎಂಟು ವರ್ಷ ಅಂದೆ. ಅವಳು ತಲೆ ತಗ್ಗಿಸಿಕೊಂಡು, ಪ್ರವಾಸದ ತಾರೀಖಿಗೆ ಮುಂಚಿನ ಒಂದು ತಿಂಗಳೊಳಗೆ ಆಗಿದ್ದರೆ ಮಾತ್ರ ಲೆಕ್ಕಕ್ಕೆ ಅಂತ ಮೆಲ್ಲಗೆ ಹೇಳಿದಳು. ನನಗೆ ನಗು ಬಂದುಬಿಟ್ಟಿತು. ಕಿಟಕಿ ಹಿಡಿದುಕೊಂಡು ನಕ್ಕೆ, ಹಿಂದಿದ್ದವರು ಈಯಮ್ಮನಿಗೆ ಏನಾಯಿತು ಅಂತ ನೋಡಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಮೇಲೆ ಅಳು ಬಂತು. ನನಗೆ ನಿನ್ನೆ ಆದ ಹಾಗಿದೆ, ಅವರ ಪುಸ್ತಕದಲ್ಲಿ ಅವಧಿ ಮುಗಿದಿದೆ.

ಜನವರಿ 18, ಶನಿವಾರ

ಏನೂ ಇಲ್ಲ. ಕಾಲಿಗೆ ಬೊಬ್ಬೆ ಬಂದಿದೆ.

ಜನವರಿ 27, ಸೋಮವಾರ

ಇವತ್ತು ಕೌಂಟರಿಗೆ ಗಂಡ ಹೆಂಡತಿ ಬಂದಿದ್ದರು, ಹೊಸ ಜೋಡಿ. ಬೆಟ್ಟದ ಟೂರು ಹೇಗಿರುತ್ತೆ ಅಂತ ಕೇಳಿದರು. ಬೆಳಗಿನ ಮಂಜು ನೋಡಲೇಬೇಕು, ಎಡಗಡೆ ಸೀಟು ತೆಗೆದುಕೊಳ್ಳಿ, ಕಣಿವೆ ಚೆನ್ನಾಗಿ ಕಾಣುತ್ತೆ ಅಂದೆ. ನಾನು ಕಂಡಿದ್ದೇನಾ? ಇವರು ಬದುಕಿದ್ದಾಗ ಹೇಳಿದ್ದನ್ನು ಗಿಳಿಪಾಠ ಒಪ್ಪಿಸುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಊರವರನ್ನೆಲ್ಲ ಬಸ್ಸು ಹತ್ತಿಸಿ ನಾನು ನಡೆದು ಮನೆಗೆ ಬರುತ್ತೇನೆ.

ಮನೆಗೆ ಬಂದರೆ ಅತ್ತೆಯದು ಶುರು. ಪಕ್ಕದ ಮನೆಯವರ ಮುಂದೆ, ನಮ್ಮ ಸೊಸೆಗೆ ಊರೂರು ತಿರುಗೋ ಓದು, ಬೀದಿ ಕೊನೆ ದಾಟೋಕೆ ಭಯ ಅಂದರಂತೆ. ಮಗಳು ಬಂದು ಚಾಡಿ ಹೇಳಿದಳು. ನಾನೂ ಸುಮ್ಮನಿರಲಿಲ್ಲ, ನಿಮ್ಮ ನಾಲಿಗೆಗೊಂದು ನಿಯಮಾವಳಿ ಬೇಕು ಅಂದುಬಿಟ್ಟೆ.

ಊಟಕ್ಕೆ ತಟ್ಟೆ ಹಾಕುವಾಗ ಇವರ ನೆನಪಾಯಿತು. ಟೂರಿನಿಂದ ಬಂದ ದಿನ ಇವರೇ ತಟ್ಟೆ ಹಾಕುತ್ತಿದ್ದರು. ಬಸ್ಸಿನಲ್ಲಿ ತಲೆ ಎಣಿಸಿ ಎಣಿಸಿ ಮನೆಯಲ್ಲೂ ಅದೇ ಚಾಳಿ. ಅವ್ವ ಒಂದು, ನೀನು ಎರಡು, ಚಿನ್ನಿ ಮೂರು ಅಂತ ಮೂರು ತಟ್ಟೆ ಹಾಕಿ ಕೂತುಬಿಡುವರು. ನಿಮ್ಮದೆಲ್ಲಿ ಅಂದರೆ, "ಡ್ರೈವರ್ ಲೆಕ್ಕಕ್ಕಿಲ್ಲ ಕಣೇ" ಅಂತ ನಗುತ್ತಿದ್ದರು. ಡ್ರೈವರಿಲ್ಲದೆ ಬಸ್ಸು ಹೊರಡುತ್ತಾ, ಅವನನ್ನೇಕೆ ಎಣಿಸಬೇಕು ಅನ್ನುವ ವಾದ. ಅತ್ತೆ ಬೈದುಕೊಂಡು ನಾಲ್ಕನೆಯದು ತರುತ್ತಿದ್ದರು. ಆಮೇಲೆ ಪೇಪರಿನಲ್ಲಿ ಬಂತಲ್ಲ, ಚಾಲಕನೂ ಸೇರಿ ನಾಲ್ವರ ಸಾವು ಅಂತ. ಇವರನ್ನು ಲೆಕ್ಕಕ್ಕೆ ಸೇರಿಸಿದ್ದು ಆ ಒಂದು ಸಲವೇ. ಈಗ ಮನೆಯಲ್ಲಿ ಮೂರು ತಟ್ಟೆಯ ಲೆಕ್ಕ ಸರಿಯಾಗಿದೆ, ಯಾರೂ ಬೈಯುವ ಹಾಗಿಲ್ಲ.

ಫೆಬ್ರವರಿ 3, ಸೋಮವಾರ

ಎಲ್ಲ ಬಾಗಿಲೂ ಮುಚ್ಚಿತು. ನಾಚಿಕೆ ಬಿಟ್ಟು ಇವತ್ತು ದೊಡ್ಡಣ್ಣನ ಹತ್ತಿರ ಹೋದೆ. ನಮ್ಮ ಟ್ರಾವೆಲ್ಸಿನ ಹಿರಿಯ ಡ್ರೈವರು, ಇವರಿಗೆ ಸ್ಟಿಯರಿಂಗ್ ಹಿಡಿಯುವುದು ಕಲಿಸಿದವರು. ನಿಂತ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತೇನೆ, ಅಭ್ಯಾಸವಾಗಲಿ ಅಂದೆ. ಅವರು ಏನೂ ಕೇಳದೆ ಶೆಡ್ಡಿನಲ್ಲಿದ್ದ ಬಸ್ಸಿನ ಬಾಗಿಲು ತೆಗೆದರು.

ಮೂರನೆಯ ಸಾಲಿನಲ್ಲಿ ಕೂತೆ. ರೆಕ್ಸಿನ್ನು, ಡೀಸೆಲ್ಲು, ಯಾರೋ ತಿಂದು ಬಿಟ್ಟ ಕಿತ್ತಳೆ ಸಿಪ್ಪೆಯ ವಾಸನೆ. ಇವರ ಅಂಗಿಗೆ ಇದೇ ವಾಸನೆ ಇರುತ್ತಿತ್ತು. ತಡೆದುಕೊಂಡೆ. ದೊಡ್ಡಣ್ಣ ಕೀಲಿ ತಿರುಗಿಸಿದರು, ಸೀಟು ನಡುಗಿತು, ಅಷ್ಟೇ. ಹೇಗೆ ಇಳಿದೆನೋ ಗೊತ್ತಿಲ್ಲ. ಗೋಡೆಯ ಪಕ್ಕ ಕೂತು ವಾಂತಿ ಮಾಡಿಕೊಂಡೆ. ಅವರು ಬಾಟಲಿ ನೀರು ತಂದಿಟ್ಟು ಬೆನ್ನು ತಿರುಗಿಸಿ ನಿಂತರು.

ಫೆಬ್ರವರಿ 4, ಮಂಗಳವಾರ

ನನ್ನ ಕೈಲಿ ಆಗುವುದಿಲ್ಲ. ಆಗುವುದಿಲ್ಲ ಅಂದರೆ ಆಗುವುದಿಲ್ಲ.

ಫೆಬ್ರವರಿ 11, ಮಂಗಳವಾರ

ದಿನಾ ಶೆಡ್ಡಿಗೆ ಹೋಗುತ್ತಿದ್ದೇನೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಇವತ್ತು ದೊಡ್ಡಣ್ಣನ ಜೊತೆ ದೊಡ್ಡ ಜಗಳ. ಕಾಲೇಜಿನವರು ಪ್ರವಾಸಕ್ಕೆ ಇದೇ ಬಸ್ಸು ಗೊತ್ತುಮಾಡಿದ್ದಾರಂತೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆಗೆದು ನೋಡಿದರೆ ಒಳಗೆ ಎರಡು ಸ್ಕ್ರೂ, ಒಂದು ಬಾಚಣಿಗೆ. ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಯಾವಾಗಲೋ ಮುಗಿದಿದೆ. ಮೂವತ್ತೆರಡು ಜನರ ಮಕ್ಕಳು ಕೂರುವ ಬಸ್ಸು ಇದು, ನಿಮಗೆ ಬುದ್ಧಿ ಬೇಡವಾ ಅಂತ ಬಾಯಿಗೆ ಬಂದ ಹಾಗೆ ಅಂದೆ. ಕಾಲೇಜಿನ ನಿಯಮಾವಳಿಯ ಕಲಂ ಇಪ್ಪತ್ತೊಂದರಲ್ಲಿ ಎಲ್ಲ ಬರೆದಿದೆ, ಅದನ್ನೂ ಓದಿ ಹೇಳಿದೆ. ರಾತ್ರಿ ಹತ್ತರ ಮೇಲೆ ಬಸ್ಸು ಓಡಿಸಕೂಡದು. ಡ್ರೈವರಿಗೆ ಎಂಟು ಗಂಟೆ ನಿದ್ದೆ ಆಗಿರಬೇಕು. ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಬೇಕು, ಲೆಕ್ಕ ತಾಳೆಯಾಗದೆ ಬಸ್ಸು ಕದಲಕೂಡದು.

ನಿದ್ದೆಯ ಮಾತು ಓದಿದಾಗ ಇವರ ಕೊನೆಯ ಟೂರು ನೆನಪಾಯಿತು. ಆ ಸಲ ಇವರು ಒಂದು ಟೂರು ಇಳಿಸಿ, ಮುಖ ತೊಳೆದು, ಇನ್ನೊಂದು ಟೂರು ಹತ್ತಿಸಿಕೊಂಡು ಹೋಗಿದ್ದರು. ಸೀಸನ್ನು, ಜನ ಕಾಯುತ್ತಿದ್ದರು. ಈ ಹಾಳು ನಿಯಮಾವಳಿಯನ್ನು ಅವತ್ತು ಯಾರೂ ಓದಿ ಹೇಳಲಿಲ್ಲ.

ನಾನು ಒಳಗೆ ನಿಂತು ಬೈಯುತ್ತಿದ್ದಾಗ ದೊಡ್ಡಣ್ಣ ಬಸ್ಸನ್ನು ತೊಳೆಯುವ ಕಟ್ಟೆಯ ತನಕ ಓಡಿಸಿಕೊಂಡು ಹೋಗಿದ್ದರು ಅಂತ ಕಾಣುತ್ತದೆ, ಇಳಿದಾಗ ಕಾಲ ಕೆಳಗೆ ಕೆಸರು. ಸೀರೆಯ ಅಂಚು ಹಾಳಾಯಿತು.

ಫೆಬ್ರವರಿ 15, ಶನಿವಾರ

ಕಲಂ ಸರ್ ಇವತ್ತು ಕೆಲಸ ಹಂಚಿದರು. ಪ್ರವಾಸವನ್ನು ಆರು ಹಂತ ಮಾಡಿದ್ದಾರೆ, ಹಂತಕ್ಕೊಬ್ಬ ನಾಯಕ. ಹಿಂದೆ ತಪ್ಪಿಸಿಕೊಂಡವರು ಒಂದು ಹಂತ ನಡೆಸಲೇಬೇಕು ಅಂತ ಇನ್ನೊಂದು ಕಲಂ. ಕ್ಲಾಸಿನಲ್ಲಿ ಹಿಂದೆ ತಪ್ಪಿಸಿಕೊಂಡವಳು ನಾನೊಬ್ಬಳೇ. ಜಾಣಮಕ್ಕಳು ಸುಲಭದ್ದೆಲ್ಲ ಆರಿಸಿಕೊಂಡು, ಕೊನೆಯ ಹಂತ ನನ್ನ ತಲೆಗೆ ಕಟ್ಟಿದರು.

ಬೆಟ್ಟ ಹತ್ತುವುದು ಒಂದು ರಸ್ತೆ, ಇಳಿಯುವುದು ಇನ್ನೊಂದು, ಎರಡೂ ಒನ್ ವೇ. ಇಳಿಯುವ ರಸ್ತೆ ಆ ರಸ್ತೆ. ಇವರು ತೀರಿಕೊಂಡ ತಿರುವು ಇರುವ ರಸ್ತೆ. ಗೋಡೆಯ ನಕ್ಷೆಯಲ್ಲಿ ಅದೊಂದು ಸಣ್ಣ ಕೊಕ್ಕೆಯ ಹಾಗಿದೆ. ನೋಡುತ್ತಾ ಅಲ್ಲೇ ಬೆಂಚಿನ ಮೇಲೆ ಕುಸಿದೆ. ನಮ್ಮ ಕ್ಲಾಸಿನ ಗಿಣಿ ಬಂದು ಆಂಟಿ ಏನಾಯ್ತು ಆಂಟಿ ಅಂತ ಶುರುಮಾಡಿದಳು. ಬಾಯಿ ಮುಚ್ಚದ ಹುಡುಗಿ, ಅದಕ್ಕೇ ಆ ಹೆಸರು. ತಲೆಸುತ್ತು ಅಂದೆ. ಇಷ್ಟು ವರ್ಷದಲ್ಲಿ ದೇವರು ನನ್ನ ಮೇಲೆ ಒಂದು ಸಲವಾದರೂ ಕಣ್ಣು ಬಿಟ್ಟಿದ್ದಾನಾ ಅಂತ ಕೇಳಬೇಕೆನಿಸಿತು.

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಎದ್ದಾಗಲೇ ನಿರ್ಧಾರ ಮಾಡಿದ್ದೆ, ಹೋಗುವುದಿಲ್ಲ. ಕುರ್ಚಿ ಹೋದರೆ ಹೋಗಲಿ, ನಾಲ್ಕು ಮನೆ ಪಾತ್ರೆ ತಿಕ್ಕಿಯಾದರೂ ಬದುಕುತ್ತೇನೆ. ಆದರೂ ಬ್ಯಾಗು ತುಂಬುತ್ತಿದ್ದೆ, ಮಗಳು ಎದುರಿಗೆ ಕೂತಿದ್ದಳಲ್ಲ, ಅವಳ ಮುಂದೆ ಏನು ಹೇಳಲಿ.

ಅತ್ತೆ ಬಾಗಿಲಿಗೆ ಬಂದು ನಿಂತರು. ಅಣಕಿಸಲಿಕ್ಕೆ ಬಂದರು ಅಂದುಕೊಂಡೆ. ಮಗಳನ್ನು ಹಾಲು ತರಲು ಕಳಿಸಿ, ಬ್ಯಾಗಿನ ಮೇಲೆ ಕೈಯಿಟ್ಟರು.

"ಹೋಗಬೇಡ ಕಣೇ. ಡಿಗ್ರಿ ಮನೆ ಹಾಳಾಗ್ಲಿ."

ಎಂಟು ವರ್ಷದಲ್ಲಿ ಅವರು ನನ್ನೆದುರು ಅತ್ತಿರಲಿಲ್ಲ. ಎರಡು ಸಲ ನೀನು ಇಳಿದು ಓಡಿಬಂದಾಗ ನಾನು ಒಳಗೆ ಹೋಗಿ ದೇವರಿಗೆ ಕೈ ಮುಗಿದೆ ಅಂದರು. ಪಕ್ಕದ ಮನೆಯವರ ಮುಂದೆ ಆಡಿಕೊಂಡಿದ್ದೆಲ್ಲ ಬರೀ ಬಾಯಿಮಾತು, ನೀನು ಹೀಗೇ ಹೆದರಿಕೊಂಡು ಮನೆಯಲ್ಲೇ ಇರಬೇಕು ಅಂತಲೇ ನನ್ನ ಆಸೆ ಅಂದರು. ನಾನು ಅವರ ಕೈ ಹಿಡಿದುಕೊಂಡು ಸಮಾಧಾನ ಮಾಡಿದೆ. ರಾತ್ರಿ ಬಸ್ಸು ಓಡಿಸುವ ಹಾಗಿಲ್ಲ ಅತ್ತೆ, ನಿಯಮ ಇದೆ. ದೊಡ್ಡಣ್ಣ ಹೊತ್ತಿಗೆ ಸರಿಯಾಗಿ ಮಲಗುತ್ತಾರೆ, ನಾನೇ ನಿಂತು ಮಲಗಿಸುತ್ತೇನೆ. ಸಿಲಿಂಡರು ಹೊಸದು, ಬ್ರೇಕು ಮೊನ್ನೆ ನನ್ನ ಕಣ್ಣೆದುರೇ ನೋಡಿಸಿದ್ದಾರೆ. ಒಂದೊಂದೇ ಹೇಳಿದೆ, ಎಲ್ಲ ಕೇಳಿದರು. ಕೊನೆಗೆ ಮೂಗು ಒರೆಸಿಕೊಂಡು ಎದ್ದುಹೋಗಿ, ಇವರ ಹಳೆಯ ಸ್ವೆಟರು ತಂದು ಬ್ಯಾಗಿಗೆ ತುರುಕಿದರು.

ಈಗ ಹೋಗುವುದಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ನಾನೇ ತೋಡಿದ ಗುಂಡಿ.

ಫೆಬ್ರವರಿ 20, ಗುರುವಾರ

ಬಸ್ಸಿನಲ್ಲಿದ್ದೇನೆ. ಅಕ್ಷರ ಕುಣಿಯುತ್ತಿದೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ತುಂಬಿಸಿ ತಂದಿದ್ದೆ, ಅದನ್ನು ಮೊಳೆಗೆ ಸಿಕ್ಕಿಸಿ ಇಳಿದುಬಿಡೋಣ ಅಂತ ಇದ್ದೆ. ದರಿದ್ರ ಮೊಳೆ ಸಡಿಲ. ಅದನ್ನು ಕುಟ್ಟಿ ಸಿಕ್ಕಿಸುವಷ್ಟರಲ್ಲಿ ಗೇಟು ದಾಟಿತ್ತು.

ಎರಡು ಸಲ ವಾಂತಿ. ಗಿಣಿ ನನ್ನ ಕೂದಲು ಹಿಡಿದುಕೊಂಡಿದ್ದಳು. ಇಳಿಸಿ, ದಮ್ಮಯ್ಯ ಇಳಿಸಿ ಅಂದೆನಂತೆ, ನನಗೆ ನೆನಪಿಲ್ಲ.

ಫೆಬ್ರವರಿ 21, ಶುಕ್ರವಾರ

ಬೆಟ್ಟದ ಮೇಲಿನ ವಸತಿಗೃಹ. ಮಕ್ಕಳೆಲ್ಲ ಮಂಜು ನೋಡಲು ಓಡಿದರು. ನಾನು ಕೋಣೆಯಲ್ಲಿ ಸ್ವೆಟರು ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಾಳೆ ಆ ರಸ್ತೆ. ಕಲಂ ಸರ್ ಹತ್ತಿರ ಹೋಗಿ ನನ್ನನ್ನು ವಾಪಸ್ ಕಳಿಸಿಬಿಡಿ ಸರ್ ಅಂದೆ. ಹೇಗೆ ಕಳಿಸಲಮ್ಮ ಅಂದರು. ವಾಪಸ್ ಹೋಗಬೇಕೆಂದರೂ ಅದೇ ಬಸ್ಸು, ಅದೇ ರಸ್ತೆ. ಅದೂ ನಿಜವೇ.

ಹೆದರಿಕೆ ಅಂದರೆ ಇಷ್ಟಿರುತ್ತದೆ ಅಂತ ಗೊತ್ತಿರಲಿಲ್ಲ. ಸತ್ತರೆ ಮಗಳ ಗತಿ ಏನು, ಸಾಯದಿದ್ದರೆ ಈ ನಡುಕ ಹೊತ್ತುಕೊಂಡು ಬದುಕುವುದು ಹೇಗೆ, ಎರಡೂ ಗೊತ್ತಾಗುತ್ತಿಲ್ಲ. ಸಂಜೆ ದೊಡ್ಡಣ್ಣ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು. ಹೋಗಿ ಗದರಿಸಿ ಮಲಗಲು ಕಳಿಸಿದೆ.

ಫೆಬ್ರವರಿ 22, ಶನಿವಾರ

ಬೆಳಿಗ್ಗೆ ಕಲಂ ಸರ್ ಹೆಸರಿನ ಪಟ್ಟಿ ನನ್ನ ಕೈಗೆ ಕೊಟ್ಟರು. ಇನ್ನು ಮನೆ ಸೇರುವ ತನಕ ಇವರೆಲ್ಲ ನಿಮ್ಮ ಜವಾಬ್ದಾರಿ ಅಂದರು. ಮುಂದೆ, ಡ್ರೈವರ್ ಪಕ್ಕ ನಿಲ್ಲಬೇಕು. ಕಂಬಿ ಹಿಡಿದ ಕೈ ಬಿಡಲು ಆಗುತ್ತಿರಲಿಲ್ಲ.

ಇಳಿಜಾರಿನ ನಡುವೆ ಕಣಿವೆ ನೋಡುವ ಜಾಗ, ಅಲ್ಲೊಂದು ನಿಲುಗಡೆ. ಮಕ್ಕಳು ಇಳಿದರು, ಫೋಟೋ ಹೊಡೆದುಕೊಂಡರು, ಹತ್ತಿದರು. ತಲೆ ಎಣಿಸಿದೆ. ಮೂವತ್ತೊಂದು. ಇನ್ನೊಮ್ಮೆ ಎಣಿಸಿದೆ. ಮೂವತ್ತೊಂದು. ಪಟ್ಟಿಯಲ್ಲಿ ಮೂವತ್ತೆರಡು. ನನ್ನ ಜೀವ ಬಾಯಿಗೆ ಬಂತು.

ಸರ್, ಒಂದು ಮಗು ಇಲ್ಲ ಅಂದೆ. ಅವರ ಮುಖ ಸುಣ್ಣ ಬಳಿದಂತಾಯಿತು. ದೊಡ್ಡಣ್ಣ ಎಂಜಿನ್ ಆರಿಸಿದರು. ನಾನು ಇಳಿದು ಓಡಿದೆ. ಶೌಚಾಲಯದ ಬಾಗಿಲು ಬಡಿದೆ, ಚಹಾದಂಗಡಿಯ ಹಿಂದೆ ನೋಡಿದೆ. ತಡೆಗೋಡೆಗೆ ಹೊಟ್ಟೆ ಒತ್ತಿ ಬಗ್ಗಿ ಕಣಿವೆಯ ತಳದವರೆಗೂ ನೋಡಿದೆ, ಯಾವುದಾದರೂ ಅಂಗಿಯ ಬಣ್ಣ ಕಾಣುತ್ತದಾ ಅಂತ. ಬರೀ ಮರ, ಕಲ್ಲು, ದೂರದಲ್ಲಿ ನೀರು. ನಾನು ನಾಯಕಿಯಾದ ದಿನವೇ ಯಾರದೋ ಮನೆಯ ಮಗುವನ್ನು ಕಳೆದುಬಿಟ್ಟೆ, ಆ ತಾಯಿಗೆ ಏನು ಹೇಳಲಿ ಅಂತ ಅಳುತ್ತಲೇ ವಾಪಸ್ ಬಂದೆ.

ಕಲಂ ಸರ್ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ಹಾಜರಿ ಕೂಗಿದರು. ಒಬ್ಬೊಬ್ಬರೇ ಎಸ್ ಸರ್ ಅಂದರು. ಪ್ರತಿ ಹೆಸರಿಗೂ ಇದೇ ಇರಬೇಕು, ಇದೇ ಇರಬೇಕು ಅಂತ ಕಾದೆ. ಎಲ್ಲರೂ ಇದ್ದರು. ಕೊನೆಯ ಹೆಸರು ಕೂಗಿದರು, ಉತ್ತರವಿಲ್ಲ. ಇನ್ನೊಮ್ಮೆ ಕೂಗಿದರು. ಅಯ್ಯೋ, ಇವಳೇ ಕಳೆದುಹೋದವಳು ಅಂತ ನಾನೂ ಹಿಂದೆ ತಿರುಗಿ ಸೀಟು ಸೀಟು ಹುಡುಕಿದೆ.

"ಆಂಟಿ" ಅಂದಳು ಗಿಣಿ, "ಅದು ನೀವು."

ಬಸ್ಸಿಗೆ ಬಸ್ಸೇ ನಕ್ಕಿತು. ಕಲಂ ಸರ್ ಕೂಡ ನಕ್ಕರು, ಆ ನಗುವಿಗೆ ಯಾವ ಕಲಂ ಇದೆಯೋ. ನಾನು ಎಸ್ ಸರ್ ಅಂದೆ. ಆಮೇಲೆ ಕಂಬಿಗೆ ಹಣೆ ಇಟ್ಟು ಜೋರಾಗಿ ಅತ್ತುಬಿಟ್ಟೆ. ಮಕ್ಕಳು ನಗು ನಿಲ್ಲಿಸಿದರು, ಯಾರೋ ಕರವಸ್ತ್ರ ಕೊಟ್ಟರು. ದೊಡ್ಡಣ್ಣ ನಗಲೇ ಇಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ, ಹೊರಡೋಣವಾ ತಂಗಿ ಅಂತ ಕೇಳಿದರು. ಹೊರಡಿ ಅಂದೆ.

ಹೊರಟ ಮೇಲೂ ನನಗೆ ನಂಬಿಕೆಯಿಲ್ಲ. ಸೀಟು ಹಿಡಿದುಕೊಂಡು ಹಿಂದಿನ ಸಾಲಿನ ತನಕ ಹೋಗಿ, ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿಕೊಂಡು ಬಂದೆ. ಕಿಟಕಿಯಿಂದ ಕೈ ಹೊರಗೆ ಹಾಕಿದ್ದವನಿಗೆ ಬೈದೆ. ಮುಂದೆ ಬಂದು, ಕೊನೆಗೆ ನನ್ನ ಎದೆ ಮುಟ್ಟಿ ಮೂವತ್ತೆರಡು ಅಂದೆ. ಆಗ ನೆನಪಾಯಿತು. ಆ ತಿರುವು ಇನ್ನೂ ಎಷ್ಟು ದೂರ ಅಂತ ದೊಡ್ಡಣ್ಣನನ್ನು ಕೇಳಿದೆ.

"ಆಗಲೇ ದಾಟಿದ್ವಲ್ಲ ತಂಗಿ. ನೀನು ಎಣಿಸ್ತಾ ಇದ್ದೆ."

ಸಿಟ್ಟು ಬಂತು, ಒಂದು ಮಾತು ಹೇಳಬಾರದಿತ್ತಾ? ಒಂದು ಸಲ ಕಣ್ಣುಬಿಟ್ಟು ನೋಡಬೇಕಿತ್ತು ನಾನು. ಹಿಂದಿನ ಗಾಜಿನಲ್ಲಿ ನೋಡಿದೆ, ಬರೀ ರಸ್ತೆ. ಇನ್ನೊಂದು ಸಲ ಬಂದಾಗ ತೋರಿಸಿ ಅಂದೆ. ಆಗಲಿ ಅಂದರು.

ಸಂಜೆ ಗೇಟಿನಲ್ಲಿ ಎಲ್ಲರನ್ನೂ ಇಳಿಸಿ, ಸರ್ ಕೊಟ್ಟ ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಮೂವತ್ತೆರಡು, ನಾಯಕಿಯೂ ಸೇರಿ. ಡ್ರೈವರನ್ನು ಎಲ್ಲಿ ಬರೆಯಲಿ ಅಂತ ಕೇಳಿದೆ. ಅದಕ್ಕೆ ಕಾಲಂ ಇಲ್ಲ ಅಂದರು. ಕೆಳಗೆ ಜಾಗವಿತ್ತು, ಡ್ರೈವರ್ ಒಬ್ಬರು ಅಂತ ನಾನೇ ಬರೆದುಕೊಟ್ಟೆ.

ಮನೆಗೆ ಬಂದಾಗ ಅತ್ತೆ ಬೀದಿಯ ಕೊನೆಯಲ್ಲಿ ನಿಂತಿದ್ದರು, ಮಂಡಿ ನೋವು ಇಟ್ಟುಕೊಂಡು. ಒಳಗೆ ಮಗಳು ಊಟಕ್ಕೆ ತಟ್ಟೆ ಹಾಕಿದ್ದಳು. ಚಪ್ಪಲಿ ಬಿಡುತ್ತಾ ಅಭ್ಯಾಸಬಲದಿಂದ ಎಣಿಸಿದೆ. ಮೂರು ತಟ್ಟೆ, ನನ್ನದೂ ಸೇರಿ.